ಎರಡು ಸಹಿ

ಪೊಲೀಸರಿಗೂ ಹೆದರಿಕೆ ಇರುತ್ತದೆ ಎಂದರೆ ಜನ ನಂಬುವುದಿಲ್ಲ. ಹೆಡ್ ಕಾನ್‌ಸ್ಟೆಬಲ್ ಯಂಕಣ್ಣ ತಾನೂ ನಂಬಿರಲಿಲ್ಲ. ಸುರಪುರ, ಶಹಾಪುರ ಸೀಮೆಯಲ್ಲಿ ಇಪ್ಪತ್ತೆರಡು ವರ್ಷ ಬೇರೆಯವರ ಕಾಲು ನಡುಗುವುದನ್ನು ಕಂಡವನು ಅವನು. ಈಗ ಯಾದಗಿರಿಯ ಜಿಲ್ಲಾ ಪೊಲೀಸ್ ಕಚೇರಿಯ ಬೆಂಚಿನ ಮೇಲೆ ವಿಚಾರಣೆಗೆ ಕಾಯುತ್ತ ಕೂತು, ನಡುಗುವ ತನ್ನ ತೊಡೆಯನ್ನೇ ಕೈಯಿಂದ ಅದುಮಿ ಹಿಡಿದಿದ್ದ. ಮುರಿದ ಎಡಗಾಲಿನೊಳಗೆ ಉಕ್ಕಿನ ಸರಳಿತ್ತು, ಪಕ್ಕದಲ್ಲಿ ಊರುಗೋಲು.

ತಪ್ಪು ಹೊಸದೇನಲ್ಲ, ಅವರ ಠಾಣೆಯ ರೂಢಿ. ಹಳ್ಳಿ ಸುತ್ತಲು ಹೊರಟವರು ಠಾಣೆಯ ದಿನಚರಿ ಪುಸ್ತಕದಲ್ಲಿ ಹೊರಟಾಗ ಒಂದು, ಮರಳಿದಾಗ ಒಂದು ಸಹಿ ಹಾಕಬೇಕು. ಸುತ್ತು ಮುಗಿಸಿ ಮತ್ತೆ ಠಾಣೆಗೆ ಯಾರು ಬರುತ್ತಾರೆ? ಎಲ್ಲರೂ ನೆಟ್ಟಗೆ ಮನೆಗೇ. ಅದಕ್ಕೇ ಹೊರಡುವಾಗಲೇ ಎರಡೂ ಸಹಿ ಜಡಿದುಬಿಡುತ್ತಿದ್ದರು. ಪುಸ್ತಕ ಬರೆಯುವ ಮಲ್ಲಿನಾಥ "ಐದಕ್ಕೆ ಮರಳಿದರು" ಎಂದು ಮಧ್ಯಾಹ್ನವೇ ಬರೆದಿಡುತ್ತಿದ್ದ. ಕಳ್ಳರ ಸುಳ್ಳನ್ನು ಚಿಟಿಕೆಯಲ್ಲಿ ಹಿಡಿಯುವ ಈ ಜಾಣರು ತಮ್ಮ ಸುಳ್ಳಿಗೆ ದಿನಾ ತಾವೇ ಸಹಿ ಹಾಕುತ್ತಿದ್ದರು.

ಆ ದಿನ ಸಂಜೆ ಆರೂವರೆಗೆ ಗೋಗಿ ದಾರಿಯಲ್ಲಿ ಕಳ್ಳ ಮರಳಿನ ಟ್ರ್ಯಾಕ್ಟರ್ ಬಂತು. ಯಂಕಣ್ಣ ಅಡ್ಡ ನಿಂತು ಕೈ ಚಾಚಿದ. ಅದು ನಿಲ್ಲಲಿಲ್ಲ. ಟ್ರಾಲಿಯ ಗಾಲಿ ಕಾಲ ಮೇಲೆ ಹಾಯಿತು. ಜೊತೆಗಿದ್ದ ಕಾನ್‌ಸ್ಟೆಬಲ್ ಬಾಷುಮಿಯಾ ಅವನನ್ನು ಹೆಗಲಿಗೆ ಹಾಕಿಕೊಂಡು ಓಡಿ, ಆಟೋ ಹಿಡಿದು ದವಾಖಾನೆ ಸೇರಿಸಿದ.

ಕರ್ತವ್ಯದ ಮೇಲಿದ್ದಾಗ ಪೆಟ್ಟಾದರೆ ಗುಣವಾಗುವವರೆಗೆ ಪೂರ್ತಿ ಸಂಬಳ. ಆದರೆ ಪುಸ್ತಕದ ಪ್ರಕಾರ ಯಂಕಣ್ಣ ಐದಕ್ಕೇ ಕರ್ತವ್ಯ ಮುಗಿಸಿದ್ದ. ಆರೂವರೆಗೆ ಮುರಿದ ಕಾಲು ಸರಕಾರದ್ದಲ್ಲ, ಅವನ ಸ್ವಂತದ್ದು. ಇದ್ದಬದ್ದ ರಜೆ ತೀರಿತ್ತು. ಮುಂದಿನ ತಿಂಗಳಿಂದ ಸಂಬಳವಿಲ್ಲ ಎಂಬ ಕಾಗದವೂ ಬಂತು.

"ಇದ್ದದ್ದು ಇದ್ದಂಗ ಹೇಳ್ರಿ," ಎಂದಿದ್ದಳು ಹೆಂಡತಿ ಲಾಲಮ್ಮ. "ಮಗಳ ನರ್ಸಿಂಗ್ ಇನ್ನಾ ಎರಡು ವರ್ಷ ಐತಿ. ನಾ ಯಾರ ಮುಂದ ಸೆರಗೊಡ್ಡಲಿ?"

"ಹೇಳಿದ್ರ ಎಲ್ಲಾರೂ ಸಿಕ್ಕೊಂತಾರ."

"ಹೇಳಲಿಲ್ಲಂದ್ರ ನಾವು ಸಾಯ್ತೀವಿ."

ಅತ್ತ ದರಿ, ಇತ್ತ ಪುಲಿ. ಒಳಗಿಂದ ಕರೆ ಬಂತು. ಅಧಿಕಾರಿ ಪುಸ್ತಕವನ್ನು ಅವನ ಕಡೆ ತಿರುಗಿಸಿದರು.

"ಸಹಿ ನಿಮ್ಮದೇ?"

"ಹೌದ್ರಿ."

"ಐದಕ್ಕೆ ಮರಳಿದವರು ಆರೂವರೆಗೆ ಅಲ್ಲೇನು ಮಾಡುತ್ತಿದ್ದಿರಿ?"

ಯಂಕಣ್ಣ ಮೇಜಿನ ಮೇಲಿದ್ದ ನೀರಿನ ಲೋಟ ನೋಡಿದ. ಎಷ್ಟೋ ಮಂದಿಯನ್ನು ತಾನೂ ಹೀಗೇ ನಿಲ್ಲಿಸಿ, ನೀರು ಕೇಳಿದರೂ ಕೊಡದೆ ಕಾಯಿಸಿದ್ದು ನೆನಪಾಗಿ ಇನ್ನಷ್ಟು ಹೆದರಿದ.

"ಡ್ಯೂಟಿ ಮ್ಯಾಲೇ ಇದ್ದೆನ್ರಿ. ಸಹಿ ಮೊದಲ ಹಾಕಿದ್ದೆ."

"ನೀವೊಬ್ಬರೇ ಹೀಗೆ ಮಾಡುವುದೋ?"

ಒಬ್ಬನೇ ಎಂದರೆ ತಪ್ಪು ಪೂರ್ತಿ ಅವನ ಕೊರಳಿಗೆ, ನೌಕರಿಯೇ ಹೋದೀತು. ರೂಢಿ ಎಂದರೆ ಉಳಿಯಬಹುದು. ಬಾಷುಮಿಯಾನ ಮುಖ ಕಣ್ಣ ಮುಂದೆ ಬಂತು, ಅದರ ಹಿಂದೆಯೇ ಮಗಳದು. ನೆಲ ನೋಡುತ್ತ ಹೇಳಿದ:

"ಎಲ್ಲಾರೂ ಹಂಗ ಹಾಕ್ತೇವ್ರಿ. ಮಲ್ಲಿನಾಥ ಬರೀತಾನ. ಬಾಷುಮಿಯಾನೂ ಅವತ್ತು ಹಾಕ್ಯಾನ."

ಎಂಟು ದಿನಕ್ಕೆ ಆದೇಶ ಬಂತು. ಗಾಯ ಕರ್ತವ್ಯದ್ದೇ, ಯಂಕಣ್ಣನ ಸಂಬಳ ನಿಲ್ಲುವುದಿಲ್ಲ; ತಾನೇ ಒಪ್ಪಿಕೊಂಡದ್ದರಿಂದ ಸುಳ್ಳು ಸಹಿಗೆ ಅವನಿಗೊಂದು ನೋಟೀಸು ಮಾತ್ರ. ವಿಚಾರಣೆ ಮುಗಿಯುವವರೆಗೆ ಮಲ್ಲಿನಾಥ, ಬಾಷುಮಿಯಾ ಇಬ್ಬರೂ ಅಮಾನತು. ಲಾಲಮ್ಮ ಕಣ್ಣೊರೆಸಿಕೊಂಡು ಚಹಾಕ್ಕಿಟ್ಟಳು. ಯಂಕಣ್ಣನ ಹೆದರಿಕೆ ಮಾತ್ರ ಹೋಗಲಿಲ್ಲ, ಬೇರೆ ಕಡೆ ಮುಖ ಮಾಡಿತಷ್ಟೆ.

ಮರುದಿನ ಬೆಳಿಗ್ಗೆ ಬಾಷುಮಿಯಾ ಸಾದಾ ಅಂಗಿಯಲ್ಲಿ ಬಂದು ಬಾಗಿಲಲ್ಲಿ ನಿಂತ. ಬೈಯುತ್ತಾನೆ, ಹೊಡೆದರೂ ಹೊಡೆದಾನು ಎಂದು ಯಂಕಣ್ಣ ಗೋಡೆಗೆ ಆತುಕೊಂಡ. ಬಾಷುಮಿಯಾ ಬೈಯಲಿಲ್ಲ. ಚಾಪೆಯ ತುದಿಗೆ ಕೂತು, ಒಳಗೆ ಲಾಲಮ್ಮನಿಗೆ ಕೇಳದ ಹಾಗೆ ದನಿ ತಗ್ಗಿಸಿದ.

"ಅಣ್ಣಾ, ಪಗಾರ ನಿಲ್ತದಂತ ಕಾಗದ ಬಂದಾಗ ನೀ ಮನ್ಯಾಗ ಹೆಂಗ ಹೇಳಿದಿ? ನನ್ನ ಹೇಣ್ತಿ ಖಾಜಾಬೀಗೆ ನಾ ಇನ್ನಾ ಹೇಳಿಲ್ಲ."