ಬಿಳಿ ಕುದುರೆಯ ಕೂದಲು ತೆಗೆದ ದಿನ

ಮದುವೆ ಮೆರವಣಿಗೆಗೆ ಹೋಗುವ ನಮ್ಮ ಬಿಳಿ ಕುದುರೆಗೆ ಮೈತುಂಬ ಕಜ್ಜಿಯಾಗಿತ್ತು. ಕೂದಲು ತೆಗೆಯದಿದ್ದರೆ ಮುಲಾಮು ಚರ್ಮಕ್ಕೆ ತಾಗುವುದಿಲ್ಲ ಎಂದು ಕೊಟ್ಟೂರಿನ ಪಶುವೈದ್ಯರು ಹೇಳಿದ್ದರು. ನಾನು ಕೂದಲು ಕತ್ತರಿಸುವ ಮಷಿನ್ ಚಾಲೂ ಮಾಡಿದ ಕೂಡಲೇ ಕುದುರೆ ಹಗ್ಗ ಹರಿಯುವಂತೆ ಜಗ್ಗಿತು.

"ಬಿಡವ್ವ, ಒದ್ದೀತು. ಯಾರನ್ನಾರ ಕರಸೋಣು," ಎಂದ ಅಪ್ಪ.

"ಅದು ನನ್ನ ಕೈಯಾಗ ಬೆಳದೈತಿ. ನಾನಾ ತೆಗಿತೀನಿ," ಎಂದೆ.

ಮಷಿನ್ ನಿಲ್ಲಿಸಿ, ಅದನ್ನು ಕುದುರೆಯ ಕುತ್ತಿಗೆಯ ಮೇಲೆ ಸುಮ್ಮನೆ ಆಡಿಸಿದೆ. ಬಳಿಕ ಮತ್ತೆ ಚಾಲೂ ಮಾಡಿ, ಆ ಸದ್ದಿಗೆ ಅದು ಒಗ್ಗುವವರೆಗೆ ದೂರದಲ್ಲೇ ನಿಂತೆ. ಭುಜದಿಂದ ಶುರುಮಾಡಿದೆ. ಅದು ಬೆದರಿದಾಗಲೆಲ್ಲ ಕೈ ತೆಗೆದೆ, ಶಾಂತವಾದಾಗ ಮುಂದುವರಿಸಿದೆ. ಅವ್ವ ಊಟಕ್ಕೆ ಕರೆದರೂ ಹೋಗಲಿಲ್ಲ. ಹಿಂಗಾಲಿನ ಹತ್ತಿರ ಬಂದಾಗ ಅಪ್ಪ ತಾನಾಗಿ ಬಂದು ಕುದುರೆಯ ತಲೆ ಹಿಡಿದು ನಿಂತ. ಸಂಜೆಯೊಳಗೆ ಇಡೀ ಮೈ ಮುಗಿಯಿತು. ಅಲ್ಲಲ್ಲಿ ಕೂದಲಿನ ಗೆರೆಗಳು ಉಳಿದಿದ್ದವು, ಆದರೆ ಎಲ್ಲೂ ಗಾಯವಾಗಿರಲಿಲ್ಲ.