ಯೋನಾಸನಿಗೆ ಹೆಸರಿಟ್ಟ ಬೆಳಿಗ್ಗೆ

ಶಿವಮೊಗ್ಗದ ಕೋಟೆಯ ಕಡೆ ದರ್ಜಿ ಅಂಗಡಿಗಳ ಮುಂದೆ ಹಾಯುವಾಗ ಹೊಲಿಗೆ ಮಿಷನ್ನಿಗೆ ಬಿಡುವ ಎಣ್ಣೆಯ ವಾಸನೆ ಮೂಗಿಗೆ ತಾಗಿದರೆ ಸಾಕು, ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನ ನಮ್ಮ ನಡುಮನೆ ಕಣ್ಣಿಗೆ ಕಟ್ಟುತ್ತದೆ. ಕಿಟಕಿಯ ಪಕ್ಕ ದೊಡ್ಡಮ್ಮನ ಮಿಷನ್ನು, ಗೋಡೆಯ ಮೇಲೆ ಮಾತೆ ಮರಿಯಮ್ಮನ ಪಟ, ನೆಲದ ತುಂಬ ಬಣ್ಣಬಣ್ಣದ ಬಟ್ಟೆ ಚೂರು. ನಾನಾಗ ಮೂರನೆಯ ಕ್ಲಾಸಿನ ಹುಡುಗಿ. ಕಾರ್ಖಾನೆಗೆ ಯಂತ್ರ ಕೂರಿಸಲು ಸೋವಿಯತ್ ದೇಶದಿಂದ ಬಂದಿದ್ದ ಎಂಜಿನಿಯರುಗಳ ಹೆಂಡತಿಯರು ದೊಡ್ಡಮ್ಮನ ಹತ್ತಿರ ಫ್ರಾಕು ಹೊಲಿಸುತ್ತಿದ್ದರು. ಊರಿಗೆಲ್ಲ ಅವರು ‘ರಷ್ಯಾದೋರು’. ಅವರಲ್ಲಿ ಓನಾ ಎಂಬವಳು ಮಾತ್ರ ಸೋವಿಯತ್ ಹಿಡಿತದಲ್ಲಿದ್ದ ಲಿಥುವೇನಿಯಾ ಎಂಬ ಪುಟ್ಟ ಕ್ಯಾಥೊಲಿಕ್ ನಾಡಿನವಳು. ಅಳತೆ ಕೊಡಲು ಬಂದ ಮೊದಲ ದಿನವೇ ಮರಿಯಮ್ಮನ ಪಟದೆದುರು ನಿಂತು, ತನ್ನ ಕೂಸನ್ನು ಎದೆಗೊತ್ತಿಕೊಂಡು, ಸದ್ದಿಲ್ಲದೆ ಅತ್ತಳು.

ಅವಳ ಅರ್ಧಂಬರ್ಧ ಇಂಗ್ಲಿಷಿನಿಂದ ಸಂಗತಿ ತಿಳಿಯಲು ಕೆಲವು ವಾರ ಬೇಕಾಯಿತು. ಅವಳೂರಿನ ಚರ್ಚನ್ನು ಸರ್ಕಾರ ಕಾಳಿನ ಗೋದಾಮು ಮಾಡಿಬಿಟ್ಟಿತ್ತು. ಮಗುವಿಗೆ ತಲೆಯ ಮೇಲೆ ನೀರು ಹುಯ್ದು ಹೆಸರಿಡುವ ಜ್ಞಾನಸ್ನಾನ ಮಾಡಿಸಿದ್ದು ಗೊತ್ತಾದರೆ ಗಂಡನ ಕೆಲಸ ಹೋಗುತ್ತಿತ್ತು. ಇಲ್ಲಿಯೂ ಅವರ ಜೊತೆ ಆ ಸರ್ಕಾರವೇ ಕಳಿಸಿದ ಒಬ್ಬ ಮೇಲ್ವಿಚಾರಕನಿದ್ದ. ಯಾರು ಎಲ್ಲಿಗೆ ಹೋಗುತ್ತಾರೆಂದು ಕಣ್ಣಿಡುವುದೇ ಅವನ ಕೆಲಸ.

“ಅವಳು ಚರ್ಚಿಗೆ ಬರಕ್ಕಾಗಲ್ಲ ಅಂದ್ರೆ ಫಾದರನ್ನೇ ಮನೆಗೆ ಕಾಫಿಗೆ ಕರೆದ್ರಾಯ್ತು, ಮಾರಾಯ್ತಿ,” ಎಂದರು ದೊಡ್ಡಮ್ಮ.

“ಗೊತ್ತಾದ್ರೆ ಏನಕ್ಕಾ ಗತಿ?” ಅಮ್ಮನಿಗೆ ಭಯ.

“ಗತಿ ಕೆಡೋದು ಆ ಹುಡುಗೀದು. ಅವಳೇ ಹೂಂ ಅಂತಿದಾಳಲ್ಲ!”

ಡಿಸೆಂಬರಿನ ಒಂದು ಚಳಿಯ ಬೆಳಿಗ್ಗೆ ಫಾದರ್ ಸಾದಾ ಶರಟು ತೊಟ್ಟು ಸೈಕಲ್ಲಿನಲ್ಲಿ ಬಂದರು. ದಾಖಲೆಗಳಲ್ಲಿ ಮಗುವಿಗೆ ಬೇರೇನೋ ಹೆಸರಿತ್ತು. ಓನಾ ತೀರಿಹೋದ ತನ್ನ ತಂದೆಯ ಹೆಸರು ಹೇಳಿದಳು, ಯೋನಾಸ್. ಫಾದರ್ ಕನ್ನಡದಲ್ಲೇ ಮೆಲ್ಲಗೆ ಪ್ರಾರ್ಥಿಸಿ, ಹಿತ್ತಾಳೆ ಬೋಗುಣಿಯ ಮೇಲೆ ಮಗುವಿನ ತಲೆ ಹಿಡಿಸಿ ನೀರು ಹುಯ್ದರು. ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಬಂದವನು ಮೇಲ್ವಿಚಾರಕ. ಮಗುವಿನ ಒದ್ದೆ ತಲೆ ನೋಡಿದ, ಬೋಗುಣಿ ನೋಡಿದ, ಸ್ವೆಟರ್ ತೊಟ್ಟು ಮುದುಡಿ ನಿಂತಿದ್ದ ನಮ್ಮನ್ನೂ ನೋಡಿದ.

“ಕ್ಯಾ ಹುವಾ?” ಎಂದ, ತನ್ನ ಹರಕು ಹಿಂದಿಯಲ್ಲಿ.

“ಗರ್ಮಿ, ಸಾಬ್, ಬಹುತ್ ಗರ್ಮಿ. ಸೆಕೆ ಅಂತ್ಲೇ ಮಗೂಗೆ ತಲೆ ತೊಳೆದ್ವಿ,” ಎಂದರು ದೊಡ್ಡಮ್ಮ.

ಓನಾಳ ಮುಖ ಬಿಳುಚಿಕೊಂಡಿತ್ತು. ಆತ ಜೇಬಿನಿಂದ ಕರವಸ್ತ್ರ ತೆಗೆದು ಮಗುವಿನ ಹಣೆಯನ್ನು ಮೆತ್ತಗೆ ಒರೆಸಿ, ಯಾರ ಮುಖವನ್ನೂ ನೋಡದೆ ಹೊರಟುಹೋದ. ಎಷ್ಟೋ ದಿನ ನಾವು ಹೆದರಿಕೊಂಡೇ ಇದ್ದೆವು. ಏನೂ ಆಗಲಿಲ್ಲ. ಓನಾಳ ಗಂಡ ಕೆಲಸ ಮುಗಿಸಿಯೇ ಊರಿಗೆ ಹೋದ.

ಆಮೇಲೆ ಅವರ ಸುದ್ದಿ ಬರಲಿಲ್ಲ. ವರ್ಷಗಳು ಕಳೆದು ಆ ದೇಶವೇ ಒಡೆದು, ಮುಚ್ಚಿದ ಚರ್ಚುಗಳು ತೆರೆದವೆಂದು ಪೇಪರಿನಲ್ಲಿ ಓದಿದಾಗ ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಬದುಕಿರುವ ತನಕ ಸಂಜೆಯ ಪ್ರಾರ್ಥನೆಯಲ್ಲಿ ಮನೆಮಕ್ಕಳೆಲ್ಲರ ಹೆಸರು ಹೇಳಿ, ಕೊನೆಗೆ ಯೋನಾಸನ ಹೆಸರನ್ನೂ ಸೇರಿಸುತ್ತಿದ್ದರು. ನಿಮ್ಮ ಮನೆಯಲ್ಲೂ ಹೀಗೆ ಪರರ ಮಕ್ಕಳಿಗಾಗಿ ಬೇಡಿಕೊಳ್ಳುವ ಹಿರಿಯರೊಬ್ಬರು ಇದ್ದಿರಬಹುದು.

ಈಗ ದೊಡ್ಡಮ್ಮ ಇಲ್ಲ, ಅಮ್ಮನೂ ಇಲ್ಲ. ನಮ್ಮ ಸಾಲಿನ ಮನೆಗಳು ಹೆಂಚು ಜಾರಿ, ಅಂಗಳದಲ್ಲಿ ಗಿಡಗಂಟಿ ಬೆಳೆದು ಪಾಳುಬಿದ್ದಿವೆ. ಯೋನಾಸನಿಗೆ ನಡುವಯಸ್ಸು ದಾಟುತ್ತಿರಬೇಕು. ತನಗೆ ಹೀಗೊಂದು ಹೆಸರಿದೆಯೆಂದು ತಾಯಿ ಅವನಿಗೆ ಹೇಳಿದಳೋ ಇಲ್ಲವೋ. ಇಲ್ಲಿ ಆ ಹೆಸರು ಬಲ್ಲವಳು ನಾನೊಬ್ಬಳೇ; ಸಂಜೆ ದೀಪ ಹಚ್ಚಿದ ಮೇಲೆ ಒಮ್ಮೆ ಹೇಳಿಬಿಡುತ್ತೇನೆ.