ಮಾಯಣ್ಣನ ಕಿವಿ

ಮಾಯಣ್ಣ ಬುಟ್ಟಿಯಿಂದ ಎರಡು ಗೂಡು ಎತ್ತಿ ಕಿವಿಯ ಬಳಿ ಅಲ್ಲಾಡಿಸಿದ. ಸದ್ದಿಲ್ಲ. ಪಕ್ಕದ ರಾಶಿಯಿಂದ ಎತ್ತಿದ. ಅದರಲ್ಲೂ ಇಲ್ಲ.

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ, ನೂಲು ತೆಗೆಯುವ ಸಮದ್ ಸಾಬರಿಗೆ ಗೂಡು ಆರಿಸಿಕೊಡುವುದು ಅವನ ಕೆಲಸ. ಒಳಗಿನ ಹುಳ ಚೆನ್ನಾಗಿದ್ದರೆ ಗೂಡು ಮೆಲ್ಲಗೆ ಲೊಟಲೊಟ ಎನ್ನುತ್ತದೆ. ಸತ್ತು ಕರಗಿ ಅಂಟಿಕೊಂಡಿದ್ದರೆ ಸುಮ್ಮನಿರುತ್ತದೆ. ಅದರಿಂದ ನೂಲು ಬಿಚ್ಚುವುದಿಲ್ಲ. ಅಂದು ಮಾಯಣ್ಣ ಒಂದಾದ ಮೇಲೊಂದು ರಾಶಿಗೆ ಬೇಡವೆಂದು ತಲೆಯಾಡಿಸುತ್ತ ಹೋದ. ಅವನು ಬೇಡವೆಂದದ್ದನ್ನೆಲ್ಲ ಬೇರೆಯವರು ಪೈಪೋಟಿಯಲ್ಲಿ ಕೂಗಿ ಕೊಂಡರು.

"ಏನಪ್ಪ ಮಾಯಣ್ಣ, ಇವತ್ತು ಇಡೀ ಮಾರ್ಕೆಟ್ಟೇ ಕೊಳೆತೋಗೈತಾ?" ಎಂದು ಸಾಬರು ನಕ್ಕರು. ಅವರ ತುಟಿ ನೋಡಿ ಅವನೂ ನಕ್ಕ.

ಮಾಮೂಲಿ ಮಾತ್ರೆಗೆ ಬಗ್ಗದ ಕ್ಷಯ ಅವನದು. ಊರಾದ ಹೊಂಗನೂರಿನ ಆರೋಗ್ಯ ಕೇಂದ್ರದಲ್ಲಿ ದಿನಾ ಬೆಳಿಗ್ಗೆ ಹಿಡಿ ಮಾತ್ರೆ, ಒಂದು ಇಂಜೆಕ್ಷನ್. ಕೆಮ್ಮು ತಗ್ಗಿತ್ತು, ಮೈಯೂ ಒಸಿ ತುಂಬಿತ್ತು. ಆದರೆ ಇಂಜೆಕ್ಷನ್ ಶುರುವಾದ ಮೇಲೆ ಕಿವಿಯೊಳಗೆ ಜೀರುಂಡೆ ಕೂಗತೊಡಗಿತ್ತು. ನರ್ಸಮ್ಮನಿಗೆ ಹೇಳಿದ್ದ. ಆಕೆ ಡಾಕ್ಟರಿಗೆ ಹೇಳುತ್ತೇನೆಂದಳು. ಡಾಕ್ಟರು ಬೆಂಗಳೂರಿಗೆ ಹೋಗಿ ಕಿವಿ ತೋರಿಸು, ಔಷಧಿ ಮಾತ್ರ ಬಿಡಬೇಡ ಎಂದರು. ನೀನು ಮಾಡುವ ಕೆಲಸವೇನು ಎಂದು ಯಾರೂ ಕೇಳಲಿಲ್ಲ. ಮಾರುಕಟ್ಟೆಗೆ ಗೂಡು ಹೆಚ್ಚು ಬರುವ ಕಾಲದಲ್ಲಿ ಬೆಂಗಳೂರಿಗೆ ಅಲೆಯಲು ಅವನಿಗೂ ಬಿಡುವಿರಲಿಲ್ಲ.

ಅಂದು ಸಂಜೆ ಹೆಂಡತಿ ಅಂಬಮ್ಮನಿಗೆ ನಡೆದದ್ದನ್ನು ಹೇಳಿದ. ಅವಳು ಅವನ ಎದುರು ಕೂತು, ಬಾಯಿ ಅಗಲಿಸಿ ಬಿಡಿಸಿ ಬಿಡಿಸಿ ಹೇಳಿದಳು:

"ಕೆಮ್ಮು ಕಮ್ಮಿಯಾಗೈತಲ್ಲ. ಇನ್ನೊಸಿ ದಿನ ಚುಚ್ಚುಸ್ಕೊ."

"ಕೆಮ್ಮಿದ್ರೆ ಬಾಯಿಗೆ ಬಟ್ಟೆ ಹಿಡ್ಕೊಂಡು ಕೆಲ್ಸ ಮಾಡ್ಬೋದು ಕಣಮ್ಮಿ. ಕಿವಿ ಹೋದ್ರೆ ನನ್ನ ಯಾರು ಕರೀತಾರೆ?"

ಮರುದಿನದಿಂದ ಅವನು ಆರೋಗ್ಯ ಕೇಂದ್ರದ ಮುಂದೆ ತಲೆ ತಗ್ಗಿಸಿ ನಡೆದು, ನೇರ ರಾಮನಗರದ ಬಸ್ಸು ಹತ್ತತೊಡಗಿದ. ಮಾತ್ರೆಗೆಂದು ಹೋದರೆ ಇಂಜೆಕ್ಷನ್ನನ್ನೂ ಕೊಡುತ್ತಾರೆಂದು ಎರಡನ್ನೂ ಬಿಟ್ಟ. ಮನೆಗೆ ಹುಡುಕಿಕೊಂಡು ಬಂದ ಆರೋಗ್ಯ ಕಾರ್ಯಕರ್ತನಿಗೆ, ಅವರು ಮಾರ್ಕೆಟ್ಟಿಗೆ ಹೋಗವ್ರೆ ಎಂದು ಅಂಬಮ್ಮ ಹೇಳಿ ಕಳಿಸುತ್ತಿದ್ದಳು. ಅದು ಸುಳ್ಳಲ್ಲ.

ಹೋದ ಕಿವಿ ಬರಲಿಲ್ಲ. ಸಮದ್ ಸಾಬರು ಗೂಡು ಆರಿಸಲು ಬೇರೊಬ್ಬನನ್ನು ಕರೆದರು. ಮಾಯಣ್ಣನನ್ನು ಬಿಡಲು ಮನಸ್ಸು ಬಾರದೆ, ಗೂಡು ಬೇಯಿಸುವ ಒಲೆಗೆ ಸೌದೆ ಹಾಕಲು ಇಟ್ಟುಕೊಂಡರು. ಆ ಹೊಗೆಯಲ್ಲಿ ಕೆಮ್ಮು ಮರಳಿತು. ದೀಪಾವಳಿಯ ಹೊತ್ತಿಗೆ ಕಫದಲ್ಲಿ ರಕ್ತ ಕಂಡಿತು.

ಆರೋಗ್ಯ ಕೇಂದ್ರದವರು ಈ ಸಲ ಮನೆಯವರೆಲ್ಲರ ಕಫ ಪರೀಕ್ಷೆಗೆ ಕಳಿಸಿದರು. ಅಂಬಮ್ಮನದರಲ್ಲಿ ಏನೂ ಸಿಗಲಿಲ್ಲ. ಕಾಲೇಜಿಗೆ ಹೋಗುವ ಮಗಳು ಅನುವಿನದರಲ್ಲಿ ಅಪ್ಪನ ಕ್ಷಯವೇ ಸಿಕ್ಕಿತು. ಅವಳಿಗೆ ಸೋಮವಾರದಿಂದ ಅದೇ ಇಂಜೆಕ್ಷನ್ ಶುರುವಾಗುತ್ತದೆ.